ಏಸಿಯೊಳಗೆ ಮಂಜುಗಡ್ಡೆ ಏಕೆ?

ದಿಂಬಂ ಘಾಟಿಯ 27 ತಿರುವು ಹತ್ತಿ ಬಂದವರು ‘ತಾಳವಾಡಿಗೆ ಏಸಿ ಯಾಕಪ್ಪಾ?’ ಎಂದು ನಗಬಹುದು. ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನ ಅಂಗಡಿಯಲ್ಲಿ ಕೂತು ನೋಡಿದರೆ ಆ ನಗು ನಿಲ್ಲುತ್ತದೆ.

ಕೆಲವೊಮ್ಮೆ ಏಸಿಯ ಗಾಳಿ ಸಣ್ಣಗಾಗುತ್ತದೆ. ಮುಚ್ಚಳ ತೆಗೆದರೆ ಒಳಗಿನ ಸುರುಳಿಯ ಮೇಲೆ ಬಿಳಿ ಮಂಜುಗಡ್ಡೆ. ‘ಚೆನ್ನಾಗಿ ತಂಪು ಮಾಡುತ್ತಿದೆ’ ಎಂದು ಸಂತೋಷಪಡಬೇಡಿ. ಅದು ಕಾಯಿಲೆಯ ಗುರುತು.

ತಣ್ಣೀರಿನ ಚೊಂಬಿನ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲ? ಗಾಳಿಯಲ್ಲಿರುವ ತೇವ ತಣ್ಣನೆಯ ಮೈಗೆ ತಾಗಿ ಹನಿಯಾಗುತ್ತದೆ. ಏಸಿಯ ಸುರುಳಿಯೂ ಹಾಗೆಯೇ ಬೆವರುತ್ತದೆ, ನೀರು ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಸುರುಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಆ ಬೆವರು ಹೆಪ್ಪುಗಟ್ಟುತ್ತದೆ.

ಇಳಿಯುವುದೇಕೆ? ಮೊದಲ ಅಪರಾಧಿ ಧೂಳು. ಕೋಣೆಯ ಬೆಚ್ಚನೆ ಗಾಳಿಯೇ ಸುರುಳಿಗೆ ಶಾಖ ಕೊಡಬೇಕು. ಫಿಲ್ಟರ್ ಮುಚ್ಚಿಹೋದರೆ, ವೋಲ್ಟೇಜ್ ಕುಸಿದು ಫ್ಯಾನು ನಿಧಾನವಾದರೆ, ಆ ಶಾಖ ತಲುಪುವುದಿಲ್ಲ. ಒಮ್ಮೆ ಕಟ್ಟಿದ ಮಂಜು ಗಾಳಿಗೆ ಇನ್ನಷ್ಟು ಅಡ್ಡವಾಗುತ್ತದೆ. ಮಂಜೇ ಮಂಜನ್ನು ಬೆಳೆಸುತ್ತದೆ.

ಎರಡನೆಯದು ಗ್ಯಾಸ್ ಸೋರಿಕೆ. ಗ್ಯಾಸ್ ಕಡಿಮೆಯಾದರೆ ಮಂಜು ಹೆಚ್ಚುವುದು ವಿಚಿತ್ರವೆನಿಸಬಹುದು. ನಮ್ಮ ಬೆಟ್ಟದಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು ಸತ್ಯಮಂಗಲಕ್ಕಿಂತ ಸ್ವಲ್ಪ ಕಡಿಮೆ ಬಿಸಿಗೇ ಕುದಿಯುತ್ತದೆ. ಸುರುಳಿಯೊಳಗಿನ ದ್ರವಕ್ಕೂ ಅದೇ ನಿಯಮ. ಒತ್ತಡ ಬಿದ್ದಷ್ಟೂ ಅದು ಇನ್ನೂ ತಣ್ಣನೆಯ ಮಟ್ಟದಲ್ಲಿ ಕುದಿದು ಆವಿಯಾಗುತ್ತದೆ. ಹೊರಗೆ ಚಳಿಯಿರುವ ರಾತ್ರಿ ಏಸಿ ಓಡಿಸಿದರೂ ಒತ್ತಡ ಹೀಗೆಯೇ ಬೀಳುತ್ತದೆ. ಮಾರ್ಗಶಿರದ ಚಳಿಯಲ್ಲಿ ಕಿಟಕಿ ತೆರೆದರೆ ಸಾಲದೇ?

ಮಂಜು ಕಂಡ ಕೂಡಲೇ ತಂಪು ನಿಲ್ಲಿಸಿ, ಫ್ಯಾನು ಮಾತ್ರ ಓಡಲಿ. ಕೆಳಗೆ ಪಾತ್ರೆಯಿಡಿ. ಚಾಕು, ಸ್ಕ್ರೂಡ್ರೈವರ್‌ಗಳಿಂದ ಕೆರೆಯಬೇಡಿ, ಕೊಳವೆ ತೂತಾದೀತು. ಹಾಗೆಯೇ ಓಡಿಸುತ್ತಿದ್ದರೆ ಆವಿಯಾಗದ ದ್ರವ ಕಂಪ್ರೆಸರ್‌ಗೆ ಹೋಗಿ ಅದನ್ನು ಕೆಡಿಸುತ್ತದೆ. ಏಸಿಯಲ್ಲಿ ಅತಿ ದುಬಾರಿ ಭಾಗ ಅದೇ.

ಮಂಜು ಕರಗಿದ ಮೇಲೆ ಕರೆಂಟು ತೆಗೆದು ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ರಸ್ತೆ ಬದಿಯ ಅಂಗಡಿಯವರು ಹದಿನೈದು ದಿನಕ್ಕೊಮ್ಮೆ ತೊಳೆದರೆ ಒಳ್ಳೆಯದು. ಮತ್ತೆ ಮಂಜು ಕಟ್ಟಿದರೆ ಮೆಕ್ಯಾನಿಕ್‌ನನ್ನು ಕರೆಸಿ. ‘ಗ್ಯಾಸ್ ತುಂಬಿಸಿದರೆ ಸರಿಹೋಗುತ್ತೆ’ ಎಂದರೆ, ಸೋರುವ ಜಾಗ ಎಲ್ಲಿ ಎಂದು ಮೊದಲು ಕೇಳಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಈಗಿನ ಹಲವು ಏಸಿಗಳ ಆರ್-32 ಗ್ಯಾಸ್‌ಗೆ ಬೆಂಕಿ ಹತ್ತುವ ಗುಣವೂ ಇರುವುದರಿಂದ, ಬೆಸುಗೆ ಹಾಕುವಾಗ ಕೋಣೆಯ ಬಾಗಿಲು, ಕಿಟಕಿ ತೆರೆದಿರಲಿ. ಒಳಗಿನ ಗ್ಯಾಸ್ ಪೂರ್ತಿ ತೆಗೆದಿದ್ದಾನೆಯೇ ಎಂದು ವಿಚಾರಿಸಿಕೊಳ್ಳಿ.