ಬಹುಮಾನ, ದಂಡನೆ ಮತ್ತು ಕಲಿಕೆ

ಮಾಡಿದ ಕೆಲಸದ ಫಲ ಹಿತವಾಗಿದ್ದರೆ ಪ್ರಾಣಿ ಅದನ್ನು ಮತ್ತೆ ಮಾಡುತ್ತದೆ, ಅಹಿತವಾಗಿದ್ದರೆ ಕೈಬಿಡುತ್ತದೆ. ನಾಯಿ ಸಾಕಿದವರಿಗೂ ಎತ್ತು ಪಳಗಿಸಿದವರಿಗೂ ಮೊದಲಿನಿಂದ ಗೊತ್ತಿದ್ದ ಈ ಸಂಗತಿಯನ್ನು ಅಳತೆಗೆ ತಂದವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್. 1898ರಲ್ಲಿ ಪ್ರಕಟವಾದ ತಮ್ಮ ಪ್ರಯೋಗಗಳಲ್ಲಿ ಅವರು ಹಸಿದ ಬೆಕ್ಕನ್ನು ಪೆಟ್ಟಿಗೆಯೊಳಗೆ ಕೂಡಿ, ಹೊರಗೆ ತಿನಿಸು ಇಡುತ್ತಿದ್ದರು. ಒಳಗಿನ ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತಿತ್ತು. ಬೆಕ್ಕು ಪರಚುತ್ತ, ಕಚ್ಚುತ್ತ, ಒದ್ದಾಡುತ್ತ ಕೊನೆಗೆ ಆಕಸ್ಮಿಕವಾಗಿ ಕುಣಿಕೆಗೆ ಕಾಲು ಹಾಕುತ್ತಿತ್ತು. ಮತ್ತೆ ಮತ್ತೆ ಕೂಡಿದಾಗ ಹೊರಬರಲು ಬೇಕಾದ ಸಮಯ ಕಡಿಮೆಯಾಗುತ್ತ ಹೋಯಿತು, ಆದರೆ ಒಮ್ಮೆಲೇ ಅಲ್ಲ. ಬೆಕ್ಕಿಗೆ ಉಪಾಯ ಥಟ್ಟನೆ ಹೊಳೆದಂತೆ ಕಾಣಲಿಲ್ಲ. ನಿಷ್ಫಲವಾದ ಚಲನೆಗಳು ಉದುರಿ, ಫಲ ಕೊಟ್ಟದ್ದು ಉಳಿಯಿತು. ಥಾರ್ನ್‌ಡೈಕ್ ಇದನ್ನು ಪರಿಣಾಮ ನಿಯಮ ಎಂದು ಕರೆದರು. ಬಹುಮಾನ ಎಷ್ಟು ಬಲಪಡಿಸುತ್ತದೋ ದಂಡನೆ ಅಷ್ಟೇ ದುರ್ಬಲಗೊಳಿಸುತ್ತದೆ ಎಂಬುದು ಅವರ ಮೊದಲ ನಂಬಿಕೆ. ಮನುಷ್ಯರ ಮೇಲೆ ನಡೆಸಿದ ಮುಂದಿನ ಪ್ರಯೋಗಗಳಲ್ಲಿ, ‘ಸರಿ’ ಎಂದು ಹೇಳಿದ್ದು ಉತ್ತರವನ್ನು ಗಟ್ಟಿಮಾಡಿದರೂ ‘ತಪ್ಪು’ ಎಂದದ್ದು ಅದನ್ನು ಅಷ್ಟಾಗಿ ಅಳಿಸಲಿಲ್ಲ. 1930ರ ದಶಕದಲ್ಲಿ ಅವರು ನಿಯಮದ ಎರಡನೇ ಅರ್ಧವನ್ನು ಬಹುಮಟ್ಟಿಗೆ ಕೈಬಿಟ್ಟರು.

ಅದೇ ದಶಕದಲ್ಲಿ ಬಿ. ಎಫ್. ಸ್ಕಿನ್ನರ್ ಪ್ರಯೋಗದ ರೀತಿಯನ್ನೇ ಬದಲಿಸಿದರು. ಇಲಿ ಸನ್ನೆಯನ್ನು ಒತ್ತಿದಾಗ ಆಹಾರದ ಗುಳಿಗೆ ತಾನಾಗಿ ಬೀಳುತ್ತಿತ್ತು. ಒತ್ತಿದ ಲೆಕ್ಕ ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಒಂದು ವರ್ತನೆಯನ್ನು ಹೆಚ್ಚಿಸುವ ಯಾವುದೇ ಫಲ ಪುನರ್ಬಲನ, ಕಡಿಮೆ ಮಾಡುವ ಫಲ ದಂಡನೆ. ತಿನಿಸು ಸಿಕ್ಕರೆ ಧನಾತ್ಮಕ ಪುನರ್ಬಲನ. ಸೀಟ್ ಬೆಲ್ಟ್ ಹಾಕಿದೊಡನೆ ಕಾರಿನ ಎಚ್ಚರಿಕೆಯ ಸದ್ದು ನಿಲ್ಲುವುದು ಋಣಾತ್ಮಕ ಪುನರ್ಬಲನ. ಋಣಾತ್ಮಕ ಪುನರ್ಬಲನವನ್ನೇ ದಂಡನೆ ಎಂದುಕೊಳ್ಳುವುದು ತುಂಬ ಸಾಮಾನ್ಯ ತಪ್ಪು. ಮೊದಲನೆಯದು ವರ್ತನೆಯನ್ನು ಬೆಳೆಸುತ್ತದೆ, ಎರಡನೆಯದು ಅಡಗಿಸುತ್ತದೆ.

ಬಹುಮಾನ ಎಷ್ಟು ಎಂಬುದಕ್ಕಿಂತ ಯಾವ ಕ್ರಮದಲ್ಲಿ ಬರುತ್ತದೆ ಎಂಬುದು ವರ್ತನೆಯ ಸ್ವರೂಪವನ್ನು ಹೆಚ್ಚು ತಿದ್ದುತ್ತದೆ. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರ ತಮ್ಮ ಗ್ರಂಥದಲ್ಲಿ ಇದನ್ನು ಪಾರಿವಾಳಗಳ ಮೇಲೆ ವಿವರವಾಗಿ ತೋರಿಸಿದರು. ಇಷ್ಟು ಸಲ ಕುಟುಕಿದರೆ ಒಂದು ಕಾಳು ಎಂದು ನಿಗದಿಯಾಗಿದ್ದರೆ ಹಕ್ಕಿ ಬಿರುಸಾಗಿ ಕುಟುಕಿ, ಕಾಳು ಸಿಕ್ಕ ಮೇಲೆ ತುಸು ಸುಧಾರಿಸಿಕೊಳ್ಳುತ್ತದೆ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಕೊಡುವುದು ಇದೇ ಬಗೆಯ ಏರ್ಪಾಡು. ಎಷ್ಟನೇ ಕುಟುಕಿಗೆ ಕಾಳು ಬಿದ್ದೀತು ಎಂಬುದು ತಿಳಿಯದಿದ್ದಾಗ ಮಾತ್ರ ವಿರಾಮವೇ ಇಲ್ಲದ ದುಡಿತ ಕಾಣುತ್ತದೆ, ಕಾಳು ಪೂರ್ತಿ ನಿಂತ ಮೇಲೂ ಹಕ್ಕಿ ಬಹಳ ಹೊತ್ತು ಬಿಡುವುದಿಲ್ಲ. ಜೂಜಿನ ಯಂತ್ರಗಳು ನಿಂತಿರುವುದು ಈ ತತ್ತ್ವದ ಮೇಲೆ. ಹೊಸದೇನಾದರೂ ಬಂದಿದೆಯೇ ಎಂದು ಮೊಬೈಲನ್ನು ಮತ್ತೆ ಮತ್ತೆ ತೆರೆಯುವ ಅಭ್ಯಾಸಕ್ಕೂ ಇದೇ ವಿವರಣೆ ಹೊಂದುತ್ತದೆ.

ಯಾವ ಪ್ರಾಣಿಗೆ ಏನನ್ನು ಬೇಕಾದರೂ ಹೀಗೆ ಕಲಿಸಬಹುದೇ? ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಬ್ರೀಲ್ಯಾಂಡ್ ದಂಪತಿಗಳು ರಕೂನ್‌ಗೆ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಲು ಹೊರಟರು. ಎರಡು ನಾಣ್ಯ ಕೊಟ್ಟಾಗ ಅದು ಅವನ್ನು ಒಂದಕ್ಕೊಂದು ಉಜ್ಜುತ್ತ ಕೂತಿತು. ನೀರಿನಲ್ಲಿ ಆಹಾರ ಹುಡುಕಿ ಉಜ್ಜಿ ತಿನ್ನುವ ಜಾತಿ ಅದು. ತಿನಿಸು ಕೈತಪ್ಪುತ್ತಿದ್ದರೂ ಹುಟ್ಟುಗುಣ ಬಿಡಲಿಲ್ಲ. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೊಯಿಲಿಂಗ್ ಇನ್ನೂ ಸ್ಪಷ್ಟವಾದ ಸಾಕ್ಷ್ಯ ಕೊಟ್ಟರು. ರುಚಿ ಬೆರೆಸಿದ ನೀರನ್ನು ಇಲಿ ಕುಡಿಯುವಾಗ ಬೆಳಕು, ಸದ್ದು ಎರಡೂ ಬರುವಂತೆ ಮಾಡಿದ್ದರು. ಬಳಿಕ ಹೊಟ್ಟೆ ತೊಳಸುವಂತೆ ಮಾಡಿದ ಇಲಿಗಳು ಮುಂದೆ ರುಚಿಯನ್ನು ದೂರವಿಟ್ಟವು, ವಿದ್ಯುತ್ ಆಘಾತ ತಿಂದವು ಬೆಳಕು-ಸದ್ದನ್ನು ದೂರವಿಟ್ಟವು. ಯಾವ ಕಾರಣಕ್ಕೆ ಯಾವ ಫಲವನ್ನು ಜೋಡಿಸಬೇಕೆಂಬ ಒಲವು ಮಿದುಳಿನಲ್ಲಿ ಮೊದಲೇ ಇದೆ.

ಇದಕ್ಕೂ ಹಿಂದೆಯೇ, 1930ರಲ್ಲಿ, ಎಡ್ವರ್ಡ್ ಟೋಲ್ಮನ್ ಮತ್ತು ಚಾರ್ಲ್ಸ್ ಹಾನ್‌ಜಿಕ್ ಹೆಚ್ಚು ಮೂಲಭೂತವಾದ ಪ್ರಶ್ನೆ ಎತ್ತಿದ್ದರು. ಇಲಿಗಳ ಒಂದು ಗುಂಪಿಗೆ ಚಕ್ರವ್ಯೂಹದ ಕೊನೆಯಲ್ಲಿ ದಿನವೂ ಆಹಾರವಿತ್ತು. ಇನ್ನೊಂದು ಗುಂಪು ಹತ್ತು ದಿನ ಏನೂ ಸಿಗದೆ ಅಲೆದಾಡಿತು, ಹನ್ನೊಂದನೆಯ ದಿನ ಅದಕ್ಕೂ ಆಹಾರ ಇಡಲಾಯಿತು. ಮರುದಿನವೇ ಈ ಇಲಿಗಳು ಮೊದಲಿನಿಂದ ಬಹುಮಾನ ಪಡೆದವುಗಳಿಗೆ ಸಮನಾಗಿ ಓಡಿದವು. ಅಂದರೆ ದಾರಿಯನ್ನು ಅವು ಬಹುಮಾನವಿಲ್ಲದೆಯೇ ಕಲಿತಿದ್ದವು. ಆಹಾರ ಕೊಟ್ಟದ್ದು ಕಲಿತದ್ದನ್ನು ತೋರಿಸುವ ಕಾರಣವನ್ನು, ಅಂದರೆ ಅಭಿಪ್ರೇರಣೆಯನ್ನು. ಕಲಿಕೆ ಬೇರೆ, ಪ್ರದರ್ಶನ ಬೇರೆ ಎಂಬ ಈ ಭೇದವನ್ನು ಗಮನಿಸದೆ ಪರೀಕ್ಷೆಯ ಅಂಕದಿಂದಲೇ ಮಗುವಿನ ತಿಳಿವನ್ನು ಅಳೆಯುವುದು ಸರಿಯಾಗದು.

ಮಿದುಳಿನೊಳಗೆ ಬಹುಮಾನ ಏನು ಮಾಡುತ್ತದೆ ಎಂಬುದರ ಮೊದಲ ಸುಳಿವು ಸಿಕ್ಕಿದ್ದು 1954ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿನ ಕೆಲವು ಭಾಗಗಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಸಿಗುವಂತೆ ಮಾಡಿದಾಗ, ಅದಷ್ಟಕ್ಕಾಗಿಯೇ ಇಲಿ ಸನ್ನೆಯನ್ನು ಎಡೆಬಿಡದೆ ಒತ್ತಿತು. ಡೋಪಮಿನ್ ಎಂಬ ನರವಾಹಕ ರಾಸಾಯನಿಕ ಇಂಥ ಜಾಲದ ಮುಖ್ಯ ಅಂಗ ಎಂದು ಮುಂದೆ ತಿಳಿಯಿತು. ಅದಕ್ಕೆ ‘ಸುಖದ ರಾಸಾಯನಿಕ’ ಎಂಬ ಹೆಸರು ಅಂಟಿಕೊಂಡಿತು. ಈ ಹೆಸರು ತಪ್ಪುದಾರಿ ಹಿಡಿಸುವಂಥದ್ದು. ಡೋಪಮಿನ್ ಬಹುತೇಕ ಇಲ್ಲವಾದ ಇಲಿ ಆಹಾರವನ್ನು ಅರಸಿ ಹೋಗುವುದಿಲ್ಲ, ಆದರೆ ಸಿಹಿಯನ್ನು ನಾಲಿಗೆಗೆ ಹಾಕಿದರೆ ಚಪ್ಪರಿಸುತ್ತದೆ ಎಂದು ಕೆಂಟ್ ಬೆರಿಡ್ಜ್ ತೋರಿಸಿದ್ದಾರೆ. ಬೇಕೆನಿಸುವುದಕ್ಕೂ ರುಚಿಸುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ.

ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮಿನ್ ನರಕೋಶಗಳನ್ನು ಒಂದೊಂದಾಗಿ ಆಲಿಸಿ ಪಡೆದ ಫಲಿತಾಂಶ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಸುಂದರವಾದದ್ದು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋಶ ಜೋರಾಗಿ ಮಿಡಿಯುತ್ತದೆ. ದೀಪ ಹೊತ್ತಿದ ಮೇಲೆ ರಸ ಬರುತ್ತದೆಂದು ಕೋತಿ ಕಲಿತ ಬಳಿಕ ಮಿಡಿತ ದೀಪಕ್ಕೆ ಸರಿಯುತ್ತದೆ, ರಸ ಬಂದಾಗ ಕೋಶ ಸುಮ್ಮನಿರುತ್ತದೆ. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಿದ್ದ ಅದೇ ಹೊತ್ತಿಗೆ ಮಿಡಿತ ಎಂದಿಗಿಂತ ಕೆಳಗಿಳಿಯುತ್ತದೆ. ಕೋಶ ಅಳೆಯುತ್ತಿರುವುದು ಬಹುಮಾನವನ್ನಲ್ಲ, ನಿರೀಕ್ಷೆಗೂ ಸಿಕ್ಕಿದ್ದಕ್ಕೂ ನಡುವಿನ ಅಂತರವನ್ನು. ಪೀಟರ್ ಡಯಾನ್, ರೀಡ್ ಮಾಂಟೆಗ್ ಜೊತೆ ಶುಲ್ಟ್ಸ್ 1997ರಲ್ಲಿ ಬರೆದ ಪ್ರಬಂಧ, ಈ ಲೆಕ್ಕಾಚಾರ ಕಂಪ್ಯೂಟರ್‌ಗಳಿಗಾಗಿ ರಿಚರ್ಡ್ ಸಟನ್ ಮತ್ತು ಆಂಡ್ರ್ಯೂ ಬಾರ್ಟೊ ರೂಪಿಸಿದ್ದ ಗಣಿತಕ್ಕೆ ಹೊಂದುತ್ತದೆ ಎಂದು ತೋರಿಸಿತು. ದಿನವೂ ಅದೇ ಹೊಗಳಿಕೆ ಕೇಳುವ ಮಗುವಿಗೆ ಅದರಿಂದ ಹೊಸದೇನೂ ತಿಳಿಯದೆ ಹೋಗುವುದು ಏಕೆ ಎಂಬುದೂ ಇದರಿಂದ ಅರ್ಥವಾಗುತ್ತದೆ.

ದಂಡನೆ ಕೆಲಸ ಮಾಡುವುದೇ ಇಲ್ಲ ಎನ್ನುವುದು ಸುಳ್ಳು. ಬಿಸಿ ಬಾಣಲೆ ಮುಟ್ಟಿದ ಕೈ ಒಂದೇ ಸಲಕ್ಕೆ ಪಾಠ ಕಲಿಯುತ್ತದೆ, ಏಕೆಂದರೆ ಅಲ್ಲಿ ಫಲ ತಕ್ಷಣದ್ದು, ತಪ್ಪದೆ ಬರುವಂಥದ್ದು. ಮನುಷ್ಯ ವಿಧಿಸುವ ದಂಡನೆಯಲ್ಲಿ ಈ ಗುಣಗಳು ಅಪರೂಪ. ಅದು ತಡವಾಗಿ ಬರುತ್ತದೆ, ಸಿಕ್ಕಿಬಿದ್ದಾಗ ಮಾತ್ರ ಬರುತ್ತದೆ. ಹೀಗಾಗಿ ಸಿಕ್ಕಿಬೀಳದಿರುವುದನ್ನು ಕಲಿಸುತ್ತದೆ. ಏನು ಮಾಡಬಾರದು ಎಂದು ಹೇಳಿ, ಏನು ಮಾಡಬೇಕೆಂಬುದನ್ನು ಹೇಳದೆ ಬಿಡುತ್ತದೆ. ಜೊತೆಗೆ ಭಯವೂ ಇದೆ. ಸುಲಭದ ಕೆಲಸವನ್ನು ಇಲಿಗಳು ಬಲವಾದ ಆಘಾತದಡಿ ಬೇಗ ಕಲಿತರೂ ಕಠಿಣವಾದದ್ದನ್ನು ಕಲಿಯಲು ಸೌಮ್ಯ ಆಘಾತವೇ ಮೇಲಾಗಿತ್ತು ಎಂದು ರಾಬರ್ಟ್ ಯರ್ಕಿಸ್ ಮತ್ತು ಜಾನ್ ಡಾಡ್ಸನ್ 1908ರಲ್ಲೇ ಕಂಡಿದ್ದರು. ಗಣಿತದಂಥ ವಿಷಯವನ್ನು ಬೆತ್ತ ಹಿಡಿದು ಕಲಿಸುವುದು ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ದಂಡನೆ ಇನ್ನೂ ಆಳಕ್ಕೆ ಇಳಿಯುತ್ತದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಪ್ರಕಟಿಸಿದ ಪ್ರಯೋಗದಲ್ಲಿ, ತಡೆಯಲಾಗದ ಆಘಾತ ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು, ತಗ್ಗಾದ ಅಡ್ಡಗೋಡೆ ಹಾರಿದರೆ ಸಾಕಾಗುತ್ತಿದ್ದಾಗಲೂ ಪ್ರಯತ್ನಿಸದೆ ಮಲಗಿಬಿಟ್ಟವು. ಇದಕ್ಕೆ ಕಲಿತ ಅಸಹಾಯಕತೆ ಎಂಬ ಹೆಸರು ಬಂತು. ಅರ್ಧ ಶತಮಾನದ ನಂತರ, 2016ರಲ್ಲಿ, ಇದೇ ಇಬ್ಬರು ಮಿದುಳಿನ ಅಧ್ಯಯನಗಳ ಆಧಾರದ ಮೇಲೆ ವಿವರಣೆಯನ್ನು ತಲೆಕೆಳಗು ಮಾಡಿದರು: ದೀರ್ಘ ಸಂಕಟಕ್ಕೆ ಸುಮ್ಮನಾಗುವುದು ಸಹಜ ಪ್ರತಿಕ್ರಿಯೆ. ಕಲಿಯಬೇಕಾದದ್ದು ತನ್ನ ಪ್ರಯತ್ನದಿಂದ ಏನಾದರೂ ಬದಲಾಗುತ್ತದೆ ಎಂಬುದನ್ನು.

ಹೊರಗಿನ ಬಹುಮಾನವಿಲ್ಲದೆಯೂ ಕಲಿಯುವ ಹಂಬಲ ಪ್ರಾಣಿಗಳಲ್ಲಿದೆ. ಹ್ಯಾರಿ ಹಾರ್ಲೊ ಅವರ ಕೋತಿಗಳು ಕೊಂಡಿ-ಚಿಲಕಗಳ ಒಗಟನ್ನು ತಿನಿಸಿನ ಆಸೆಯಿಲ್ಲದೆ ಬಿಡಿಸುತ್ತಿದ್ದವು. ಇಂಥ ಆಂತರಿಕ ಅಭಿಪ್ರೇರಣೆಗೆ ಬಹುಮಾನವೇ ಪೆಟ್ಟು ಕೊಡಬಹುದು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಮುಂದೆ ಬಿಡುವಿನ ವೇಳೆಯಲ್ಲಿ ಈ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಹೇಳದೆ ಪ್ರಶಸ್ತಿಪತ್ರ ಪಡೆದವರ ಆಸಕ್ತಿ ಕುಗ್ಗಲಿಲ್ಲ. ಎಡ್ವರ್ಡ್ ಡೆಸಿ ಮತ್ತು ಸಹೋದ್ಯೋಗಿಗಳು 1999ರಲ್ಲಿ ಇಂಥ 128 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ, ಮೊದಲೇ ಮಾತುಕೊಟ್ಟ ವಸ್ತುರೂಪದ ಬಹುಮಾನ ಆಸಕ್ತಿಯನ್ನು ಕುಗ್ಗಿಸುವುದು, ಕೆಲಸದ ಗುಣವನ್ನು ಮೆಚ್ಚಿ ಆಡಿದ ಮಾತು ಹೆಚ್ಚಿಸುವುದು ಕಂಡುಬಂತು. ಈ ಹಾನಿ ಆಗುವುದು ಆಸಕ್ತಿ ಮೊದಲೇ ಇದ್ದ ಕೆಲಸಗಳಲ್ಲಿ. ನೀರಸವಾದ ಕೆಲಸದಲ್ಲಿ ಕಳೆದುಕೊಳ್ಳಲು ಆಸಕ್ತಿಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಬಹುಮಾನ ಅಷ್ಟಾಗಿ ಕೆಡಿಸುವುದಿಲ್ಲ.