ಕಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳು

ಸುಲೇಪೇಟೆಯ ಅನೇಕ ಮನೆಗಳಲ್ಲಿ ನೆಲಕ್ಕೆ ಹಾಸಿರುವುದು ಫರಸಿ ಕಲ್ಲು. ಸೇಡಂ, ಶಹಾಬಾದ್‌ಗಳ ಕಡೆಯ ಸುಣ್ಣಕಲ್ಲು. ಅದರ ಮೇಲೆ ನಿಂಬೆಯ ರಸದ ನಾಲ್ಕು ಹನಿಗಳನ್ನು ಹಾಕಿ ನೋಡಿರಿ. ಸಣ್ಣ ಗುಳ್ಳೆಗಳು ಏಳುವುವು; ಒರೆಸಿದ ಮೇಲೂ ಮಂಕಾದ ಕಲೆಯೊಂದು ಉಳಿಯುವುದು. ಕಲ್ಲು ತಾನು ಸವೆದು ಆಮ್ಲವನ್ನು ಅಡಗಿಸಿತು. ಈ ಪ್ರಯೋಗವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ಆಮ್ಲವನ್ನು ಅಡಗಿಸುವ ಕಲ್ಲುಗಳಿರುವಂತೆ ಆಮ್ಲವನ್ನು ಹುಟ್ಟಿಸುವ ಕಲ್ಲುಗಳೂ ಉಂಟು. ಕಬ್ಬಿಣವೂ ಗಂಧಕವೂ ಕೂಡಿದ, ಹೊನ್ನಿನಂತೆ ಹೊಳೆಯುವ ಪೈರೈಟ್ ಅಂತಹ ಖನಿಜ. ಭೂಗರ್ಭದಲ್ಲಿ ಅದು ಸುಮ್ಮನಿರುವುದು. ಗಣಿ ತೋಡಿದಾಗ ಗಾಳಿಯೂ ನೀರೂ ತಗಲಿ, ಅದರಿಂದ ಗಂಧಕಾಮ್ಲ ಒಸರತೊಡಗುವುದು. ಈ ಕೆಂಪು ನೀರು ಹರಿದ ಹಳ್ಳದಲ್ಲಿ ಮೀನುಗಳು ಬದುಕವು. ಇದು ಕೇವಲ ರಾಸಾಯನಿಕ ಕ್ರಿಯೆಯೆಂದೇ ಬಹುಕಾಲ ನಂಬಲಾಗಿತ್ತು. 1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು ಅಮೆರಿಕದ ಕಲ್ಲಿದ್ದಲ ಗಣಿಗಳ ಆಮ್ಲಜಲದಲ್ಲಿ ಒಂದು ಬ್ಯಾಕ್ಟೀರಿಯದ ಕೈವಾಡವನ್ನು ಕಂಡರು. ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟು ಉದ್ದದ ಆ ಜೀವಿಗೆ ಇಂದಿನ ಹೆಸರು ಆಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್.

ಇಷ್ಟು ಸಣ್ಣ ಜೀವಿ ಕಲ್ಲನ್ನು ಒಡೆಯುವ ಬಗೆ ಹೇಗೆ? ಅದರ ಆಯುಧ ಕಬ್ಬಿಣವೇ. ನೀರಿನಲ್ಲಿ ಕರಗಿದ ಫೆರಿಕ್ ಕಬ್ಬಿಣವು ಪೈರೈಟಿನಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಂಡು ಅದನ್ನು ಒಡೆಯುವುದು. ಆಗ ಆಮ್ಲ ಹುಟ್ಟುವುದು, ಫೆರಿಕ್ ತಾನೇ ಫೆರಸ್ ಆಗುವುದು. ಆಮ್ಲದಲ್ಲಿ ಫೆರಸ್ ತಾನಾಗಿ ಮತ್ತೆ ಫೆರಿಕ್ ಆಗುವುದು ಬಹಳ ನಿಧಾನವಾದ್ದರಿಂದ ಕೆಲಸ ಇಲ್ಲಿಗೆ ಕುಂಠಿತವಾಗಬೇಕು. ಬ್ಯಾಕ್ಟೀರಿಯವು ಫೆರಸ್‌ನ ಎಲೆಕ್ಟ್ರಾನನ್ನು ಪಡೆದು ಆಮ್ಲಜನಕಕ್ಕೆ ಒಪ್ಪಿಸುತ್ತದೆ; ಫೆರಿಕ್ ಮತ್ತೆ ಸಿದ್ಧ! ಈ ವೇಗ ಹತ್ತು ಲಕ್ಷ ಪಟ್ಟು ಹೆಚ್ಚಬಲ್ಲುದೆಂದು 1970ರಲ್ಲಿ ಸಿಂಗರ್ ಮತ್ತು ಸ್ಟಮ್ ತೋರಿಸಿದರು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇಲ್ಲಿ ಸೋಜಿಗವೆನಿಸುವುದು ಆ ಜೀವಿಯ ಆದಾಯ. ಎಲೆಕ್ಟ್ರಾನಿನ ಈ ಪಯಣದಲ್ಲಿ ಅದಕ್ಕೆ ದೊರೆಯುವ ವಿಭವಾಂತರ ಸುಮಾರು 0.3 ವೋಲ್ಟ್ ಮಾತ್ರ. ಟಾರ್ಚಿನ ಒಂದು ಸೆಲ್ಲಿನದು 1.5 ವೋಲ್ಟ್. ಗಳಿಕೆ ಅಲ್ಪವಾದುದರಿಂದಲೇ ಹೊಟ್ಟೆ ಹೊರೆಯಲು ಅದು ಅಪಾರ ಕಬ್ಬಿಣವನ್ನು ಉತ್ಕರ್ಷಿಸಬೇಕು. ಅದರ ಬಡತನವೇ ಬಂಡೆಗೆ ಮೃತ್ಯು.

ಈ ಹಸಿವನ್ನು ಮನುಷ್ಯನು ದುಡಿಸಿಕೊಳ್ಳಬಲ್ಲ. ಕೆಲವು ಅದಿರುಗಳಲ್ಲಿ ಚಿನ್ನದ ಕಣಗಳು ಪೈರೈಟ್, ಆರ್ಸೆನೊಪೈರೈಟ್‌ಗಳೊಳಗೆ ಹುದುಗಿರುತ್ತವೆ. ಚಿನ್ನವನ್ನು ಕರಗಿಸುವ ಸಯನೈಡ್ ಅವನ್ನು ಮುಟ್ಟಲಾರದು. ಅದಿರನ್ನು ಹುರಿದರೆ ವಿಷದ ಹೊಗೆ. ಅದರ ಬದಲು ಬ್ಯಾಕ್ಟೀರಿಯಗಳನ್ನು ಬಿಟ್ಟರೆ ಅವು ಚಿನ್ನದ ಸುತ್ತಣ ಗೋಡೆಯನ್ನೇ ಕರಗಿಸುತ್ತವೆ. ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಲ್ಲಿ ಇಂತಹ ಕಾರ್ಖಾನೆ ಆರಂಭವಾಯಿತು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎ. ನಟರಾಜನ್ ಮತ್ತು ಸಹೋದ್ಯೋಗಿಗಳು ಚಿತ್ರದುರ್ಗ ಜಿಲ್ಲೆಯ ಜಿ. ಆರ್. ಹಳ್ಳಿಯ ಚಿನ್ನದ ಅದಿರಿನ ಮೇಲೆ ಈ ವಿಧಾನವನ್ನು ಪರೀಕ್ಷಿಸಿದರು.

ಆದರೆ ಚಿನ್ನ ಬಿಡುಗಡೆಯಾದೊಡನೆ ಕೆಲಸ ಮುಗಿಯಲಿಲ್ಲ. ಆಮ್ಲವೂ ಆರ್ಸೆನಿಕ್ಕೂ ನೀರಿನಲ್ಲಿ ಉಳಿದಿವೆ. ಅವು ಹಳ್ಳ ಸೇರಿದರೆ ಚಿನ್ನದ ಬೆಲೆಯನ್ನು ಊರಿನವರು ತೆರಬೇಕಾಗುವುದು. ಆದುದರಿಂದ ಆ ನೀರಿಗೆ ಸುಣ್ಣಕಲ್ಲಿನ ಪುಡಿಯನ್ನು ಬೆರೆಸುವರು. ಆಮ್ಲ ಅಡಗಿ ಜಿಪ್ಸಂ ಆಗುವುದು. ಆರ್ಸೆನಿಕ್ ಕಬ್ಬಿಣದೊಡನೆ ಕೂಡಿ ತಳಕ್ಕೆ ಇಳಿಯುವುದು. ನಿಂಬೆಯ ಹನಿ ಬಿದ್ದಾಗ ನಮ್ಮ ಫರಸಿ ಕಲ್ಲು ಮಾಡಿದ ಕೆಲಸವೂ ಇದೇ ಅಲ್ಲವೆ?