ಬೋಳು ಮರದ ಮೇಲೊಂದು ವೀಳ್ಯದೆಲೆ

ಸವಣೂರಿಗೆ ಹೋಗಿದ್ದು ದೊಡ್ಡಹುಣಸೆ ಮರ ನೋಡಲಿಕ್ಕೆ. ಮರಳುವಾಗ ತಲೆಯಲ್ಲಿ ಕೂತಿದ್ದು ಅದೇ ಮರದ ಇನ್ನೊಂದು ರೂಪ: ಹೆಬ್ಬೆರಳ ಉಗುರಿನಷ್ಟು ಅಳತೆ, ಒಂದೇ ಬಣ್ಣ. ಹೊಸದಾಗಿ ಖಾರಾ ಅಂಗಡಿ ತೆರೆಯಲಿರುವ ತರುಣನಿಗೆ ಊರಿನ ಹಿರಿಯ ಬೋರ್ಡ್ ಪೇಂಟರೊಬ್ಬರು ಬರೆದುಕೊಟ್ಟ ಲೋಗೊ ಅದು.

ಅಲ್ಲಿನ ಕಲ್ಮಠದ ಆವರಣದಲ್ಲಿರುವ ಮೂರು ದೊಡ್ಡಹುಣಸೆ ಮರಗಳು ಆಫ್ರಿಕಾ ಮೂಲದ ಬಾವೊಬಾಬ್. ಹಣ್ಣಿನ ತಿರುಳು ಹುಳಿ, ಹಾಗಾಗಿ ದೊಡ್ಡಹುಣಸೆ. ಶ್ರೀಕೃಷ್ಣನೇ ತಂದು ನೆಟ್ಟನೆಂಬುದು ಜನರ ನಂಬಿಕೆ. 2023ರ ಮಳೆಗಾಲದಲ್ಲಿ ಒಂದು ಮರ ಬುಡಸಮೇತ ಉರುಳಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಪೇಂಟರ್ ಕಾಕಾ ಮೊದಲು ಮರವನ್ನು ಎಲೆ ತುಂಬಿದಂತೆ ಬರೆದರಂತೆ. ಆಮೇಲೆ ತಾವೇ ಅಳಿಸಿದರು. “ಎಲಿ ತುಂಬಿ ಬರದ್ರ ಅದು ಬೇವೂ ಆಗ್ತದ, ಮಾವೂ ಆಗ್ತದ. ಬೋಳಾದಾಗಷ್ಟ ಅದು ನಮ್ಮೂರ ಗಿಡ್ರಿ.” ಲೋಗೊದ ಗುಟ್ಟು ನನಗೆ ಇಷ್ಟು ಸರಳವಾಗಿ ಬೇರೆ ಯಾರೂ ಹೇಳಿರಲಿಲ್ಲ. ದಪ್ಪ ಕಾಂಡ, ಬೇರುಗಳೇ ಮೇಲೆದ್ದಂತೆ ಕಾಣುವ ಕೊಂಬೆ, ಅಷ್ಟೇ. ಆದರೆ ಹುಡುಗನ ಅವ್ವ ಒಪ್ಪಲಿಲ್ಲ. ಹೊಸ ವ್ಯಾಪಾರಕ್ಕೆ ಬೋಳು ಗಿಡವೇ? ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ಕಾಕಾ ನಡುಗೊಂಬೆಯ ತುದಿಗೆ ಒಂದೇ ಒಂದು ವೀಳ್ಯದೆಲೆ ಇಟ್ಟರು. ಸವಣೂರು ಎಲೆಗೆ ಹೆಸರಾದ ಊರು. ಶುಭವೂ ಆಯಿತು, ಗುರುತೂ ಆಯಿತು.

ಲೋಗೊದ ಅಕ್ಷರಕ್ಕೆ ಹಿಡಿದಷ್ಟು ಹೊತ್ತು ಚಿತ್ರಕ್ಕೂ ಹಿಡಿಯಲಿಲ್ಲ. ‘ಸವಣೂರು’ ಎಂಬಲ್ಲಿ ಸ, ವ, ರ ಮೂರಕ್ಕೂ ತಲೆಕಟ್ಟು ಇದೆ; ಣ ಮಾತ್ರ ಬರಿದಲೆ, ಮೇಲಾಗಿ ಅದರ ದೀರ್ಘ ಪಕ್ಕಕ್ಕೆ ಚಾಚುತ್ತದೆ. ಸಾಲು ಅಲ್ಲಿ ಜೋತುಬೀಳದಂತೆ ಕಾಕಾ ಣಕಾರವನ್ನು ಕೂದಲೆಳೆಯಷ್ಟು ಎತ್ತರಿಸಿದ್ದಾರೆ. ಕಂಪ್ಯೂಟರಿನ ಸಿದ್ಧ ಅಕ್ಷರ ಒತ್ತಿ ಮುಗಿಸುವವರು ಇದನ್ನು ಒಮ್ಮೆ ನೋಡಬೇಕು.

ಖಾರಾ ತುಂಬುವುದು ಪ್ಲಾಸ್ಟಿಕ್ ಪಾಕೀಟಿಗೆ. ಅಗ್ಗದ ಅಚ್ಚಿನಲ್ಲಿ ಸಣ್ಣ ಗೆರೆಗಳು ಕೂಡಿಕೊಂಡುಬಿಡುತ್ತವೆ. ಅದಕ್ಕೇ ಒಂದೇ ಬಣ್ಣ, ದಪ್ಪ ಗೆರೆ.

ಇನ್ನು ಕಾನೂನಿನ ಮಾತು. ಟ್ರೇಡ್‌ಮಾರ್ಕ್ ಕಾಯ್ದೆ 1999ರ ಪ್ರಕಾರ ಬರೀ ಊರಿನ ಹೆಸರು ಸಾಮಾನ್ಯವಾಗಿ ಒಬ್ಬರ ಸ್ವತ್ತಾಗದು. ‘ಸವಣೂರ ಖಾರಾ’ ಎಂದು ಯಾವ ಅಂಗಡಿಯವರಾದರೂ ಬರೆದುಕೊಳ್ಳಬಹುದು. ಬೇರೆಯೆಂದು ತೋರಿಸಬೇಕಾದದ್ದು ಚಿತ್ರವೇ. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. ಗುರುತೊಂದು ಎಷ್ಟು ಕಾಲ ಬಾಳಬಹುದು ಎನ್ನುವುದಕ್ಕೆ ಮೈಸೂರು ಸ್ಯಾಂಡಲ್ ಸೋಪಿನ ಶರಭವಿದೆ. ಆನೆಯ ತಲೆ, ಸಿಂಹದ ಮೈ. ಒಂದು ಶತಮಾನ ಕಳೆದರೂ ಡಬ್ಬಿಯ ಮೇಲೆ ಅದನ್ನು ಕಂಡೊಡನೆ ಗಂಧದ ಪರಿಮಳ ನೆನಪಾಗುತ್ತದೆ.

ಪೇಟೆಯಲ್ಲಿ ಕಾಕಾ ಜತೆ ನಡೆದೆ. ಅವರು ಎನಾಮೆಲ್ ಬಣ್ಣದಲ್ಲಿ ಬರೆದ ಬೋರ್ಡುಗಳ ಮೇಲೆ ಈಗ ಫ್ಲೆಕ್ಸ್ ಬಿಗಿದಿದೆ. ಒಂದೆಡೆ ಫ್ಲೆಕ್ಸ್ ಹರಿದು ಹಳೆಯ ನೀಲಿ ಇಣುಕುತ್ತಿತ್ತು, ಕೆಳಮೂಲೆಯಲ್ಲಿ ಅವರ ಸಹಿ. ನಮ್ಮ ಊರುಗಳ ಪೇಟೆಗಳಿಗೆ ಒಂದೊಂದು ಕೈಬರಹವಿತ್ತು. ಅದನ್ನು ಕಾಪಿಡಬೇಕೆಂದು ಯಾರಿಗೂ ಹೊಳೆಯಲಿಲ್ಲವಲ್ಲ ಎಂಬ ಸಂಕಟ ನನ್ನದು. ಕಾಕಾ ಮಾತ್ರ ಬೆರಳಿನಿಂದ ಧೂಳು ಒರೆಸಿ ಮುಂದೆ ನಡೆದರು.

ಬಸ್ಸು ಹೊರಡುವ ಮುಂಚೆ ಲೋಗೊದ ಪೆನ್ಸಿಲ್ ಕರಡನ್ನು ನನ್ನ ಕೈಗಿತ್ತರು. ಮರದ ಬುಡದ ಬಲಕ್ಕೆ ರಬ್ಬರಿನಿಂದ ಉಜ್ಜಿದ ಗುರುತು. ಅಭ್ಯಾಸಬಲದಿಂದ ಸಹಿ ಹಾಕಿ, ಪಾಕೀಟಿನ ಮೇಲೆ ಅದಕ್ಕೆ ಜಾಗವಿಲ್ಲವೆಂದು ತಾವೇ ಅಳಿಸಿದ್ದರು.